ಫ್ಯಾನ್ ಇದೆ, ತಿರುಗುವುದಿಲ್ಲ

ಗದಗ, ೩೧ ಜೂನ್ ೨೧೮೭

ಪ್ರೀತಿಯ ಕಸ್ತೂರಿಯವರಿಗೆ,

ದಿನಾಂಕ ನೋಡಿ ಕೆಂಪು ಪೆನ್ನು ಎತ್ತಿಕೊಳ್ಳಬೇಡಿ. ಜೂನ್ ತಿಂಗಳಿಗೆ ಮೂವತ್ತೇ ದಿನ ಎಂಬುದು ನಿಮ್ಮ ಕಾಲದ ಮಾತು. ಟೆಂಡರಿನ ಕಡೆಯ ದಿನವನ್ನು ಮುಂದೂಡಿ ಮುಂದೂಡಿ ಸಾಕಾಗಿ, ಕೊನೆಗೆ ನಾವು ಕ್ಯಾಲೆಂಡರಿಗೇ ಒಂದು ದಿನ ಸೇರಿಸಿಕೊಂಡೆವು. ನನ್ನ ಭಾಷೆ ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ನೂರ ಅರವತ್ತೊಂದು ವರ್ಷ ಹಿಂದಕ್ಕೆ ನಡೆದು ಬಂದ ಕನ್ನಡ, ಸ್ವಲ್ಪ ಏದುಸಿರು ಬಿಟ್ಟೀತು. ಹೆಸರು ನಿಜಗುಣ. ನಿಮ್ಮ ಆರು ವರ್ಷದ ಮಗಳಿದ್ದಾಳಲ್ಲ, ಅವಳ ವಂಶದವನು. ನೀವು ನನ್ನ ಮುತ್ತಜ್ಜಿಯ ಅಜ್ಜಿ. ಆದರೆ ಇಂದು ನಿಮಗೆ ಮೂವತ್ತನಾಲ್ಕು, ನನಗೆ ಅರವತ್ತೊಂದು. ನಮಸ್ಕರಿಸಬೇಕೋ ಆಶೀರ್ವದಿಸಬೇಕೋ ತಿಳಿಯದೆ ಎರಡನ್ನೂ ಮಾಡಿದ್ದೇನೆ. ನಿಮಗೆ ಬೇಕಾದುದನ್ನು ಇಟ್ಟುಕೊಂಡು ಉಳಿದದ್ದನ್ನು ಮಗಳಿಗೆ ಕೊಡಿ.

ಈ ಪತ್ರ ಹಿಂಟಪಾಲಿನಲ್ಲಿ ಬರುತ್ತಿದೆ. ಹಿಂಟಪಾಲು ಎಂದರೆ ಬರೆಯುವ ಮೊದಲೇ ತಲುಪುವ ಅಂಚೆ. ನಿಮ್ಮ ಮೇಜಿನ ಟ್ರೇಯಲ್ಲಿ ಸಿಕ್ಕಾಗ ದಯವಿಟ್ಟು ಆವಕ ಸಂಖ್ಯೆ ಕೊಡಬೇಡಿ. ಕೊಟ್ಟರೆ ಏಳು ದಿನದೊಳಗೆ ಉತ್ತರಿಸಬೇಕಾದೀತು, ಪಾಪ.

ಇವತ್ತು ಬೆಳಿಗ್ಗೆ ನೀವು ಬೈಸಿಕೊಂಡದ್ದು ನನಗೆ ಗೊತ್ತು. ನೀವು ಮಗಳಿಗೆ ಹೇಳಿ, ಮಗಳು ತನ್ನ ಮಗಳಿಗೆ ಹೇಳಿ, ಹಾಗೇ ನನ್ನ ಕಿವಿಯವರೆಗೂ ಬಂದಿದೆ. ಆಸ್ಪತ್ರೆ ಬಟ್ಟೆ ಹೊಲಿಸುವ ಟೆಂಡರಿಗೆ ಹೊಸದೊಂದು ಕಾಲಂ ಸೇರಿತ್ತು: ಹದಿನಾಲ್ಕನೆಯದು, 'ಕೆಲಸ ನಡೆಯುವ ಸ್ಥಳ'. ಹೇಗೆ ತುಂಬಬೇಕೆಂದು ತೋರಿಸಲು ಒಂದು ಮಾದರಿ ಬೇಕಿತ್ತು. ತಾತ್ಕಾಲಿಕವಾಗಿ ಇರಲೆಂದು ನೀವು ನಿಮ್ಮದೇ ಕುರ್ಚಿಯ ವಿವರ ಟೈಪು ಮಾಡಿದಿರಿ. 'ಎರಡನೇ ಮಹಡಿ, ಉತ್ತರದ ಕಿಟಕಿ ಪಕ್ಕ. ಮೂವರು ಕೂರುತ್ತೇವೆ. ಎಡಕ್ಕೆ ಕಸ್ತೂರಿ. ಕುಡಿಯುವ ನೀರು ಕೆಳಗಿನ ಮಹಡಿಯಲ್ಲಿ. ಫ್ಯಾನ್ ಇದೆ, ತಿರುಗುವುದಿಲ್ಲ.' ಆಮೇಲೆ ಅಳಿಸಲು ಮರೆತಿರಿ.

ಬಿಡ್ ಹಾಕುವವರು ಯಾವುದನ್ನೂ ಬಿಡುವುದಿಲ್ಲ. ಮಾದರಿಯಲ್ಲಿ ಒಂದು ಚುಕ್ಕೆ ಬಿಟ್ಟರೂ ತಾಂತ್ರಿಕ ಕಾರಣಕ್ಕೆ ತಿರಸ್ಕೃತವಾದೀತು ಎಂಬ ಹೆದರಿಕೆಯಲ್ಲೇ ಅವರ ಕೂದಲು ನರೆಯುವುದು. ಹನ್ನೊಂದು ಮಂದಿ ಅರ್ಜಿ ಹಾಕಿದರು; ಹನ್ನೊಂದು ಮಂದಿಯೂ ಯಾರು ಎಲ್ಲಿ ಕೂರುತ್ತಾರೆ, ಕಿಟಕಿ ಯಾವ ಕಡೆ, ನೀರು ಎಷ್ಟು ದೂರ ಎಂದು ಬರೆದು, ಕೊನೆಗೆ ಫ್ಯಾನಿನ ಆರೋಗ್ಯ ತಿಳಿಸಿದರು. ಬೆಟಗೇರಿಯ ಗುತ್ತಿಗೆದಾರ ಗುರುಶಾಂತಪ್ಪನಂತೂ ನಿಮ್ಮ ಮೇಜಿಗೇ ಬಂದು ಕೈಮುಗಿದ: "ಮೇಡಮ್ಮರ, ನಮ್ಮ ಶೆಡ್ಡಿನ್ಯಾಗ ಫ್ಯಾನ್ ತಿರಗತೈತ್ರಿ. ಬೇಕಂದ್ರ ಬಂದ್ ಮಾಡಸ್ತೀನ್ರಿ, ರಿಜೆಕ್ಟ್ ಮಾತ್ರ ಮಾಡಬ್ಯಾಡ್ರಿ." ಅದನ್ನು ಕೇಳಿಸಿಕೊಂಡ ಮ್ಯಾನೇಜರ್ ಕೊಟ್ರಗೌಡರು ಇಡೀ ಮಹಡಿಗೆ ಕೇಳುವಂತೆ ಅಂದರು: "ಏನ್ರೀ ಕಸ್ತೂರಿ, ಟೆಂಡರ್ ಕರದೀರೋ, ಫ್ಯಾನ್ ರಿಪೇರಿಗೆ ಅರ್ಜಿ ಹಾಕೀರೋ?"

ಎಲ್ಲರೂ ನಕ್ಕರು. ನೀವೂ ನಕ್ಕಿರಿ, ಆಮೇಲೆ ನೀರು ತರುವ ನೆಪದಲ್ಲಿ ಕೆಳಗಿನ ಮಹಡಿಗೆ ಇಳಿದು ಸ್ವಲ್ಪ ಹೊತ್ತು ನಿಂತಿರಿ. ಅದೂ ನನ್ನವರೆಗೆ ಬಂದಿದೆ. ಈಗ ನಿಮ್ಮ ಮೇಜಿನ ಮೇಲೊಂದು ತಿದ್ದುಪಡಿಯ ಕರಡು ಇದೆ: 'ಮಾದರಿಯನ್ನು ತೆಗೆದುಹಾಕಿದೆ. ಜಿಲ್ಲೆಯ ಹೆಸರು ಬರೆದರೆ ಸಾಕು.' ನಾಳೆ ಹನ್ನೊಂದಕ್ಕೆ ಅದು ಸಹಿಗೆ ಹೋಗಬೇಕು. ನನ್ನ ಪತ್ರವೆಲ್ಲ ಆ ಒಂದು ಹಾಳೆಯ ಬಗ್ಗೆ.

ಇಲ್ಲಿ ನಿಮ್ಮ ಆ ತಪ್ಪಿಗೆ 'ಕಸ್ತೂರಿ ಸಾಲು' ಎಂದು ಹೆಸರು. ಕಾಲ ಹೋಯಿತು, ಕಾಲಂ ಉಳಿಯಿತು. ಸರ್ಕಾರದ ಯಾವ ಕೆಲಸಕ್ಕಾಗಲಿ, ಕಸ್ತೂರಿ ಸಾಲು ಬರೆಯದೆ ಬಿಡ್ ಹಾಕುವಂತಿಲ್ಲ; ಅದರಲ್ಲಿ ಕೆಟ್ಟಿರುವ ವಸ್ತು ಒಂದಾದರೂ ಇರಬೇಕು. ಎಲ್ಲವೂ ಸರಿಯಾಗಿದೆ ಎಂದು ಬರೆದವನನ್ನು ಯಾರೂ ನಂಬುವುದಿಲ್ಲ. ಮದುವೆ ಮಾತುಕತೆಯಲ್ಲೂ ಗಂಡಿನ ಕಡೆಯವರು ಒಂದು ಸಾಲು ಬರೆದುಕೊಡುತ್ತಾರೆ: ಸೊಸೆ ಎಲ್ಲಿ ಕೂರುತ್ತಾಳೆ, ಗಾಳಿ ಯಾವ ಕಡೆಯಿಂದ, ಮನೆಯಲ್ಲಿ ಯಾವುದು ಕೆಟ್ಟಿದೆ. ಕೊನೆಯದಕ್ಕೆ ಅತ್ತೆಯರು ಸಾಮಾನ್ಯವಾಗಿ ಮಾವನ ಹೆಸರು ಬರೆಯುತ್ತಾರೆ. ನಾನು ವೃತ್ತಿಯಿಂದ ಜಾಗಗಾರ. ಬಿಡ್ಡಿನಲ್ಲಿ ಬರೆದ ಜಾಗಕ್ಕೆ ಮಡಚುವ ಸ್ಟೂಲು ಹೊತ್ತು ಹೋಗಿ, ಕೆಲಸಗಾರರ ಪಕ್ಕ ಒಂದು ಇಡೀ ದಿನ ಕೂರುವವನು. ಹನ್ನೊಂದರಿಂದ ನಾಲ್ಕರವರೆಗೆ ನಮಗೆ ಮುಚ್ಚುಹೊತ್ತು. ಬಿಸಿಲಿಗೆ ಯಾರೂ ಹೊರಬೀಳುವಂತಿಲ್ಲ. ಆ ಹೊತ್ತಿನಲ್ಲಿ ರೊಟ್ಟಿ ಬಿಚ್ಚುತ್ತಾರೆ, ನನಗೂ ಅರ್ಧ ಮುರಿದು ಕೊಡುತ್ತಾರೆ. ಚಟ್ನಿಪುಡಿ ಮಾತ್ರ ನಿಮ್ಮ ಕಾಲದ್ದೇ.

ನಾನು ಈ ಕೆಲಸ ಹಿಡಿದದ್ದಕ್ಕೆ ಕಾರಣವಿದೆ. ನನ್ನ ತಾಯಿ ಮಹಾದೇವಿ ನೀರಂಗಿ ಹೊಲಿಯುತ್ತಿದ್ದಳು. ಮೈ ತಂಪಾಗಿರಲು ಪದರದೊಳಗೆ ನೀರು ತುಂಬಿಸಿಕೊಂಡು ತೊಡುವ ಅಂಗಿ ಅದು. ೨೧೨೬ರ ಬೇಸಿಗೆಯಲ್ಲಿ ಬೆಂಕಿಗಾಳಿ ಬೀಸಿ, ಅವಳು ಕೂರುತ್ತಿದ್ದ ಹಳೆಯ ಹತ್ತಿ ಗಿರಣಿ ಕುಸಿಯಿತು. ಅಗೆಯುವವರ ಬಳಿ ಇದ್ದದ್ದು ಬಿಡ್ಡಿನ ಒಂದು ಸಾಲು: 'ಹಿಂದಿನ ಕೋಣೆ, ಒಂದೇ ಕಿಟಕಿ, ಎಡಕ್ಕೆ ಮಹಾದೇವಿ.' ಒಂದು ತಾಸಿನಲ್ಲಿ ಹೊರತೆಗೆದರು. ನಾನಾಗ ಅವಳ ಹೊಟ್ಟೆಯಲ್ಲಿ ಏಳು ತಿಂಗಳವನು. ನನ್ನ ಸ್ಥಳವೂ ಅದೇ, ಸ್ವಲ್ಪ ಒಳಗೆ. ಅಮ್ಮ ಕೊನೆಯವರೆಗೂ ಹೇಳುತ್ತಿದ್ದಳು: "ಎಡಗಡೆ ಕುಂತಾಳ ಅಂತ ಬರದಿತ್ತು, ಎಡಗಡೇನ ಅಗದ್ರು. ಅಷ್ಟೇನಪ್ಪಾ ನಿನ್ನ ಜಾತಕ."

ಅದೇ ಗಾಳಿಗೆ ಪಕ್ಕದ ಜಿಲ್ಲೆಯಲ್ಲೂ ಒಂದು ಶೆಡ್ಡು ಬಿತ್ತು. ಅಲ್ಲಿನ ಕಚೇರಿಯವರು ಅದಕ್ಕೂ ಎರಡು ವರ್ಷದ ಹಿಂದೆ ಕಾಲಂ ಉದ್ದವಾಯಿತೆಂದು ಕತ್ತರಿಸಿದ್ದರು. ಜಿಲ್ಲೆಯ ಹೆಸರು ಸಾಕು ಎಂದಿದ್ದರು. ಜಿಲ್ಲೆ ಬಹಳ ದೊಡ್ಡದು, ಕಸ್ತೂರಿಯವರೇ. ಶೆಡ್ಡು ಎಲ್ಲಿದೆಯೆಂದು ತಿಳಿಯಲು ಮೂರು ದಿನ ಹಿಡಿಯಿತು. ಇಲ್ಲಿ ನನಗೆ ತಮಾಷೆ ತೋಚುವುದಿಲ್ಲ.

ಆದ್ದರಿಂದ ಬೇಡುತ್ತೇನೆ. ನಾಳೆ ಆ ಕರಡಿನ ಪಕ್ಕದಲ್ಲಿ ಒಂದು ಟಿಪ್ಪಣಿ ಬರೆಯಿರಿ. ಏನೆಂದು ಯೋಚಿಸಬೇಕಿಲ್ಲ; ಇಲ್ಲಿನ ಕಡತದಲ್ಲಿ ಅದು ನಿಮ್ಮ ಅಕ್ಷರದಲ್ಲೇ ಇದೆ, ಚಹಾ ಲೋಟದ ಉಂಗುರದ ಪಕ್ಕ: 'ಹೋಗಿ ನೋಡಲು ಅನುಕೂಲ. ಇರಲಿ.' ಕೆಳಗೆ ಕೊಟ್ರಗೌಡರ ಹಸಿರು ಸಹಿ. ಅವರು ಗೊಣಗುತ್ತಾರೆ, ಆದರೆ ಹಾಕುತ್ತಾರೆ. ನಿಮಗೆ ಅಷ್ಟು ಧೈರ್ಯ ಎಲ್ಲಿಂದ ಬಂತೆಂದು ಕಡತ ಹೇಳುವುದಿಲ್ಲ. ಈ ಪತ್ರದಿಂದಲೇ ಬಂದಿದ್ದರೆ ಎಂಬ ಭಯಕ್ಕೇ ಇದನ್ನು ಬರೆಯುತ್ತಿದ್ದೇನೆ. ಚಹಾ ಕುಡಿದು ಲೋಟವನ್ನು ಅಲ್ಲೇ ಇಡಿ.

ಪದ್ಧತಿಯಂತೆ ನನ್ನ ಸಾಲನ್ನೂ ಬರೆದು ಮುಗಿಸುತ್ತೇನೆ. ಗದಗ, ಅದೇ ಕಟ್ಟಡ, ಎರಡನೇ ಮಹಡಿ, ಉತ್ತರದ ಕಿಟಕಿ ಪಕ್ಕ. ಬಲಕ್ಕೆ ನಿಜಗುಣ. ಎಡಗಡೆಯ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ, ದಿನಾ ಒರೆಸುತ್ತೇವೆ. ನೀರು ಈಗ ಇದೇ ಮಹಡಿಯಲ್ಲಿ. ಫ್ಯಾನ್ ಇದೆ, ನಿಮ್ಮದೇ.

ತಿರುಗುವುದಿಲ್ಲ.