ಗೊಂಚಲಿನಿಂದ ಬಿಡಿಸಿದ ಕೀ

ವಿಜಯನಗರ
೧೪ ಜೂನ್ ೨೦೦೩

ಮಗಳೇ ಗುರುದೇವಿ,

ಅಡುಗೆಮನೆಯಲ್ಲಿ ನೀನು ಪಾತ್ರೆ ಜೋಡಿಸುವ ಸದ್ದು ಕೇಳುತ್ತಿದೆ. ಇಲ್ಲೇ ಹಜಾರದಲ್ಲಿ ಕೂತು ನಿನಗೇ ಕಾಗದ ಬರೆಯುತ್ತಿದ್ದೇನೆ. ಸೊಸೆಯ ಎದುರು ನಿಂತು ‘ತಪ್ಪಾಯ್ತಮ್ಮ’ ಅನ್ನಲು ಈ ಮಾವನಿಗೆ ಬಾಯಿ ಬರಲಿಲ್ಲ.

ಅವತ್ತು ಸುಂಕದಕಟ್ಟೆಯಲ್ಲಿ ನಮ್ಮ ಹಳೇ ಫಿಯಟ್ ನಿನ್ನ ಕೈಯಲ್ಲಿ ಜಗ್ಗಾಡಿ, ಕೆಮ್ಮಿ, ನಡುರಸ್ತೆಯಲ್ಲೇ ನಿಂತುಬಿಟ್ಟಿತು. ಹಿಂದೆ ಲಾರಿ, ಎರಡೂ ಪಕ್ಕ ಬಸ್ಸು. ಬಾಗಿಲು ತೆರೆಯಲೂ ಜಾಗವಿರಲಿಲ್ಲ. ‘ಮನೇಲಿ ಸಾರು ಕುದಿಸ್ಕೊಂಡಿರ್ಬಾರ್ದಾ ಆಂಟಿ?’ ಎಂದು ಬೈಕಿನವನೊಬ್ಬ ಕೂಗಿದ. ಅವನಿಗಿಂತ ಜೋರಾಗಿ ಕೂಗಿದವನು ನಾನು: ‘ಕ್ಲಚ್ ಬಿಡೋಕೇ ಬರಲ್ವಲ್ಲಮ್ಮ ನಿಂಗೆ!’

‘ಕ್ಲಚ್ ಅಲ್ಲ ಮಾವ, ಎಂಜಿನ್ನೇ ತಡವರಿಸ್ತಿದೆ, ಒಂದ್ಸಲ ಕೇಳಿ’ ಅಂದೆ ನೀನು. ನಾನು ಕೇಳಲಿಲ್ಲ. ಅಂದಿನಿಂದ ನೀನು ಸ್ಟಿಯರಿಂಗ್ ಮುಟ್ಟಿಲ್ಲ. ಎರಡು ಬಸ್ಸು ಬದಲಿಸಿ ಹೊತ್ತಿಗೆ ಸರಿಯಾಗಿ ಮುಟ್ಟಲಾಗದು ಎಂದು, ಕೆಂಗೇರಿ ಶಾಲೆಯಲ್ಲಿ ಹೊಸದಾಗಿ ಸಿಕ್ಕ ಕೆಲಸವನ್ನೂ ಸೋಮವಾರ ಬೇಡವೆನ್ನಲು ಹೊರಟಿದ್ದೀಯ.

ಆಮೇಲೆ ನಾನು ಓಡಿಸಿದಾಗಲೂ ಅದು ಹಾಗೇ ಜಗ್ಗಾಡುತ್ತಿತ್ತು. ಮನೆಯಲ್ಲಿ ಹೇಳಲಿಲ್ಲ. ಕದ್ದುಮುಚ್ಚಿ ಪ್ಲಗ್ ಬದಲಿಸಿದೆ, ಪಾಯಿಂಟ್ ಉಜ್ಜಿದೆ, ಕಾರ್ಬ್ಯುರೇಟರ್ ತೊಳೆದೆ. ಪುಸ್ತಕ ಓದಿ ರಿಪೇರಿ ಕಲಿತವನ ಜಂಬ ನೋಡು!

ಇವತ್ತು ಸೋತು ರಾಜಾಜಿನಗರದ ಮೆಕ್ಯಾನಿಕ್ ಲಕ್ಷ್ಮೀಪತಿಯ ಹತ್ತಿರ ಹೋದೆ. ಅವನು ಮೀಟರ್ ಇಟ್ಟ. ಬ್ಯಾಟರಿಯಲ್ಲಿ ಹನ್ನೆರಡು ವೋಲ್ಟ್. ಕಿಡಿ ಹುಟ್ಟಿಸುವ ಕಾಯಿಲ್‌ಗೆ ಬರುತ್ತಿದ್ದದ್ದು ಎಂಟೇ. ಕಾಯಿಲ್‌ಗೆ ಕರೆಂಟು ಹಾಯಿಸುವ ಕೀ ಸ್ವಿಚ್ಚಿನಿಂದ ಜೋತುಬಿದ್ದಿದ್ದ ನನ್ನ ಗೊಂಚಲನ್ನು ಅಂಗೈಯಲ್ಲಿ ಎತ್ತಿ ಹಿಡಿದ. ಮೀಟರಿನ ಮುಳ್ಳು ಮೇಲೇರಿತು, ಎಂಜಿನ್ ಹದಕ್ಕೆ ಬಂತು. ಕೈ ಬಿಟ್ಟ, ಮತ್ತೆ ಎಂಟು. ‘ಏನ್ ಸಾರ್, ಇದು ಕಾರಿನ ಕೀನಾ, ಮಠದ ಉಗ್ರಾಣದ್ದಾ? ಈ ಭಾರಕ್ಕೆ ಸ್ವಿಚ್ ಒಳಗೆಲ್ಲಾ ಸವೆದೋಗಿದೆ.’

ಗೇಟು, ಬೀರು, ಉಗ್ರಾಣ, ಸಂಪು... ಹನ್ನೊಂದು ಬೀಗದಕೈ. ಕಾರಿನ ಜೊತೆ ಎಲ್ಲ ಬೀಗದಕೈಯೂ ನನ್ನೊಂದಿಗೇ ಹೋಗುತ್ತಿದ್ದವು; ಅಂಥ ದಿನ ಕರೆಂಟು ಹೋದರೆ, ಸಂಪಿನಿಂದ ನೀರು ಸೇದಲೂ ಆಗದೆ, ಕೊಡ ಹಿಡಿದು ಗೇಟಿನ ಒಳಗೇ ನನಗಾಗಿ ಕಾಯುತ್ತಿದ್ದೆಯಲ್ಲ. ಆರು ವರ್ಷ. ಅದನ್ನು ಮನೆಯ ಶಿಸ್ತು ಅಂದುಕೊಂಡಿದ್ದೆ.

ಹೊಸ ಸ್ವಿಚ್ ಹಾಕಿಸಿದ್ದೇನೆ. ಉಳಿದ ಹತ್ತು ಕೀ ಅಡುಗೆಮನೆಯ ಮೊಳೆಗೆ ತೂಗುಹಾಕುತ್ತೇನೆ. ಕಾರಿನದೊಂದೇ ಈ ಕಾಗದದ ಮಡಿಕೆಯಲ್ಲಿದೆ. ಸೋಮವಾರ ನೀನು ಶಾಲೆಗೆ ಹೋದರೂ ಸರಿ, ನನ್ನ ಮೇಲಿನ ಸಿಟ್ಟಿಗೆ ಹೋಗದಿದ್ದರೂ ಸರಿ, ವಾಪಸ್ ಕೇಳುವುದಿಲ್ಲ.

ನಿನ್ನ ಕಿವಿ ಸರಿಯಾಗಿತ್ತಮ್ಮ, ಕಾಲೂ ಸರಿಯಾಗಿತ್ತು. ನೂರು ಕಾಲ ಹೋಗುತ್ತಾ ಬರುತ್ತಾ ಇರು.

ತಡವಾಗಿ ಕೇಳಿಸಿಕೊಂಡ ನಿನ್ನ ಮಾವ,
ಶಂಭುಲಿಂಗಪ್ಪ