ವಾಪಸು ಬಂದ ಪುಸ್ತಿಕೆ

ಗುರುವಾರ, ೧೪

ಬೆಳಿಗ್ಗೆ ಮೇಡಂ ಕನ್ನಡಕದ ಕಡ್ಡಿಗೆ ನೀಲಿ ದಾರ ಸುತ್ತಿದ್ದು ಕಂಡಿತು. ಅವರ ಅಕ್ಕನದೇ ಕೆಲಸ. ಮೇಡಂ ನಲವತ್ತು ವರ್ಷ ಯುದ್ಧದ ಕಾನೂನು ಕಲಿಸಿದವರು. ಅಕ್ಕ ಬಟ್ಟೆ ಹೊಲಿಯುವವರು. ಮೇಡಂ ಏನು ಬರೆದರೂ ಮೊದಲು ಅಕ್ಕನಿಗೆ ಓದಿ ಹೇಳುತ್ತಾರೆ. ಅರ್ಥವಾಗದೆ ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿದರೆ ಆ ವಾಕ್ಯ ಹೊಡೆದುಹಾಕಬೇಕು. ಅದು ಆ ಮನೆಯ ನಿಯಮ.

ಇವತ್ತು ಅಕ್ಕನೆದುರು ಓದುವ ಸರದಿ ಮೇಡಂ ಶಿಷ್ಯೆಯಾದ ನನ್ನದು: ಅವರ ಅಭಿನಂದನ ಗ್ರಂಥಕ್ಕಾಗಿ ನಾನು ಬರೆದ ಅವರ ಜೀವನದ ಲೇಖನ. ಎರಡನೇ ಪುಟಕ್ಕೇ ಯಂತ್ರ ನಿಂತಿತು.

"ಏನಮ್ಮಾ, ನನ್ನ ತಂಗಿ ಪದಕ ಹಾಕ್ಕೊಂಡೇ ಹುಟ್ಟಿದ್ಲಾ?" ಎಂದರು ಅಕ್ಕ.

ಮೇಡಂ ನಕ್ಕುಬಿಟ್ಟರು. "ಇದರಲ್ಲಿ ಆ ವಾಪಸು ಬಂದ ಪುಸ್ತಿಕೆ ಎಲ್ಲಿ ಹೋಯ್ತೇ?"

ಸೆರೆಸಿಕ್ಕವರನ್ನು ಹೇಗೆ ನೋಡಿಕೊಳ್ಳಬೇಕೆಂದು ಸೈನಿಕರಿಗಾಗಿ ಅವರು ಬರೆದ ಮೊದಲ ಪುಸ್ತಿಕೆ ಅದು. "ಇದು ಅರ್ಥ ಆಗೋಷ್ಟರಲ್ಲಿ ಯುದ್ಧವೇ ಮುಗಿದಿರುತ್ತೆ ಮೇಡಂ" ಎಂದು ಒಬ್ಬ ಅಧಿಕಾರಿ ಹಿಂದಿರುಗಿಸಿದ್ದರಂತೆ. ಅಕ್ಕನಿಗೆ ಓದಿ ಹೇಳುವುದು ಶುರುವಾದದ್ದೇ ಆಮೇಲೆ. ಅರವತ್ತು ಪುಟ ಇಳಿದು ಇಳಿದು ಜೇಬಿಗೆ ಹಿಡಿಸುವ ಒಂದು ಹಾಳೆಯಾಯಿತು. ಸೈನಿಕರು ಅದನ್ನು ಈಗಲೂ ಇಟ್ಟುಕೊಳ್ಳುತ್ತಾರೆ.

ನನಗೆ ಇದೆಲ್ಲ ಗೊತ್ತಿತ್ತು. "ಸೋಲಿನ ಕಥೆ ಬೇಡ" ಎಂದು ಗ್ರಂಥದ ಸಂಪಾದಕರು ಹೇಳಿದಾಗ ತಲೆಯಾಡಿಸಿ ಬಂದಿದ್ದೆ. ಅವರ ಫೋನ್ ಬಂದರೂ ನಾನು ಎದ್ದು ನಿಂತೇ ಮಾತಾಡುತ್ತೇನೆ, ಅಷ್ಟು ಭಯ.

ಆದರೂ ಮನಸ್ಸು ಹಗುರವಾಗಿದೆ. ಮೇಡಂ ಅಂಥವರೇ ಒಮ್ಮೆ ಅಷ್ಟು ಕೆಟ್ಟದಾಗಿ ಬರೆದಿದ್ದರು ಎಂದರೆ ನನಗೂ ದಾರಿಯಿದೆ.

ನಾಳೆ ಹತ್ತು ಗಂಟೆಗೆ ನಾನೇ ಸಂಪಾದಕರಿಗೆ ಫೋನ್ ಮಾಡುತ್ತೇನೆ. ಲೇಖನ ಆ ಪುಸ್ತಿಕೆಯಿಂದಲೇ ಶುರುವಾಗುತ್ತದೆ. ಒಪ್ಪದಿದ್ದರೆ ನಾನು ಕೊಡುವುದಿಲ್ಲ ಎಂದು ಹೇಳಿಬಿಡುತ್ತೇನೆ.