ವಾಲಿಬಾಲ್ ಅಂಕಣ ಕಿತ್ತ ಪ್ರಾಂಶುಪಾಲರಿಗೆ

ಮಾನ್ಯರೇ,

ಹಾಗೆ ಕರೆಯುವುದು ಪದ್ಧತಿ, ಆದ್ದರಿಂದ ಕರೆದಿದ್ದೇನೆ. ಕಾಲೇಜಿನ ಹಿಂಬದಿಯಲ್ಲಿದ್ದ ವಾಲಿಬಾಲ್ ಅಂಕಣದ ಕಂಬಗಳನ್ನು ಕಳೆದ ವಾರ ನೀವು ಕೀಳಿಸಿದ್ದೀರಿ. ಆ ಜಾಗದಲ್ಲಿ ‘ವೃತ್ತಿ ಸಿದ್ಧತಾ ಭವನ’ ಏಳಲಿದೆಯಂತೆ. ಅದರೊಳಗೆ ವಿದ್ಯಾರ್ಥಿಗಳು ಮೆತ್ತನೆಯ ಕುರ್ಚಿಗಳಿಗೆ ಒರಗಿ, ತಂಡವಾಗಿ ದುಡಿಯುವುದು ಹೇಗೆಂದು ಪರದೆ ನೋಡಿ ಕಲಿಯಲಿದ್ದಾರಂತೆ. ಈಜು ಕಲಿಸಲೆಂದು ಕೆರೆ ಮುಚ್ಚಿಸಿದ ಮೊದಲ ಪಂಡಿತರು ನೀವೇ ಇರಬೇಕು.

ಸುದ್ದಿ ಕೊಟ್ಟವಳು ಅಲ್ಲೇ ಓದುತ್ತಿರುವ ನನ್ನ ಅಕ್ಕನ ಮಗಳು. “ಚಿಕ್ಕಮ್ಮಾ, ನಮ್ಮ ಕೋರ್ಟ್ ಹೋಯ್ತು” ಎಂದು ಫೋನಿನಲ್ಲೇ ಅತ್ತಳು. ಆಸ್ಪತ್ರೆಯ ಪಾಳಿ ಮುಗಿಸಿ, ನರ್ಸ್ ಸಮವಸ್ತ್ರದಲ್ಲೇ ನಿಮ್ಮ ಕಚೇರಿಗೆ ಬಂದೆ. ಮುಕ್ಕಾಲು ಗಂಟೆ ಕಾಯಿಸಿ ಒಳಗೆ ಕರೆದಿರಿ. “ಬಾಲ್ ಹೊಡ್ದು ಯಾರಿಗೆ ಕೆಲಸ ಸಿಕ್ಕಿದೆ, ಹೇಳಿ ಮೇಡಂ?” ಎಂದು ನಕ್ಕಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಫೋನ್ ಕೈಗೆತ್ತಿಕೊಂಡು, ಬಾಗಿಲ ಕಡೆ ಕಣ್ಣು ತೋರಿಸಿದಿರಿ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಇದನ್ನು ಊರೆಲ್ಲ ಓದಲಿ.

ನಿಮ್ಮ ಕಾಲೇಜಿನ ತಂಡದಲ್ಲಿ ನಾನು ಮೂರು ವರ್ಷ ಆಡಿದವಳು. ಮಹಾ ಆಟಗಾರ್ತಿಯೇನಲ್ಲ. ಕೊನೆಯ ವರ್ಷದ ಪಂದ್ಯವೊಂದರಲ್ಲಿ, ಒಂದೇ ಅಂಕ ಬಾಕಿಯಿರುವಾಗ, ಚೆಂಡು ನನ್ನ ಮತ್ತು ಗೆಳತಿಯ ನಡುವೆ ಬಂತು. ಅವಳು ತೆಗೆಯುತ್ತಾಳೆಂದು ನಾನು, ನಾನು ತೆಗೆಯುತ್ತೇನೆಂದು ಅವಳು. ಚೆಂಡು ನೆಲಕ್ಕೆ ಬಿತ್ತು, ಪಂದ್ಯ ಹೋಯಿತು. ಆಟದ ಮೇಷ್ಟ್ರು ಕೈಕಟ್ಟಿ ನಿಂತು ಕೇಳಿದರು: “ಇಬ್ಬರಿಗೂ ಬಾಯಿ ಬಿದ್ದುಹೋಗಿತ್ತಾ? ‘ನಂದು’ ಅನ್ನೋಕೆ ಏನು ದಾಡಿ?” ಮಾರನೆಯ ದಿನದಿಂದ, ಬರುವ ಪ್ರತಿ ಚೆಂಡಿಗೂ ಗಂಟಲು ಹರಿಯುವಂತೆ ‘ನಂದು’ ಎಂದು ಕೂಗಿಸಿದರು.

ಆಮೇಲೆ ನರ್ಸಿಂಗ್ ಕಲಿತು ಆಸ್ಪತ್ರೆ ಸೇರಿದೆ. ಐದನೆಯ ತಿಂಗಳು, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಎರಡು ಬಸ್ಸು ಡಿಕ್ಕಿಯಾಗಿ ಹದಿನೇಳು ಜನರನ್ನು ಒಟ್ಟಿಗೇ ತಂದರು. ಕೂಗುತ್ತಿದ್ದವರನ್ನೆಲ್ಲ ನಾವು ಮುತ್ತಿಕೊಂಡೆವು. ಲಿಫ್ಟಿನ ಪಕ್ಕದ ಸ್ಟ್ರೆಚರ್ ಮೇಲೆ ಟೈಲರ್ ಹೆಂಗಸೊಬ್ಬರು ಸದ್ದಿಲ್ಲದೆ ಮಲಗಿದ್ದರು; ಕೊರಳಲ್ಲಿ ಇನ್ನೂ ಅಳತೆಯ ಟೇಪಿತ್ತು. ಮೈಮೇಲೆ ಒಂದು ಗೀರೂ ಇರಲಿಲ್ಲ. ನರ್ಸ್ ನೋಡಿರಬೇಕೆಂದು ಡಾಕ್ಟರು, ಡಾಕ್ಟರು ನೋಡಿರಬೇಕೆಂದು ನರ್ಸು. ನಾನೂ ಒಮ್ಮೆ ದಾಟಿಹೋದೆ. ಎರಡನೆಯ ಸಲ ದಾಟುವಾಗ ಅವರ ತುಟಿ ಬಿಳಿಚಿಕೊಂಡಿತ್ತು. ಹೊಟ್ಟೆ ಮುಟ್ಟಿ, ಬಿಪಿ ನೋಡಿದವಳೇ “ನಂದು!” ಎಂದು ಕಿರುಚಿಬಿಟ್ಟೆ.

“ಏನಮ್ಮಾ ನಿಂದು?” ಹಿರಿಯ ಡಾಕ್ಟರು ಗದರಿದರು.

“ಈ ಪೇಷೆಂಟ್ ಸರ್. ಹೊಟ್ಟೆ ಕಲ್ಲಾಗಿದೆ, ಬಿಪಿ ಇಳೀತಾ ಇದೆ.”

ಒಳಗೇ ರಕ್ತ ಸೋರುತ್ತಿತ್ತು. ಶಸ್ತ್ರಚಿಕಿತ್ಸೆಯಾಗಿ ಆಕೆ ಬದುಕಿದರು. ಅಂದಿನಿಂದ ನಮ್ಮ ವಿಭಾಗದಲ್ಲಿ ರೋಗಿಯನ್ನು ವಹಿಸಿಕೊಳ್ಳುವವರು ಯಾರೇ ಆಗಲಿ, ಗಟ್ಟಿಯಾಗಿ ‘ನಂದು’ ಎನ್ನಲೇಬೇಕು. ಹಿರಿಯ ಡಾಕ್ಟರೂ ಅನ್ನುತ್ತಾರೆ. ನಿಮ್ಮ ಪರದೆಯ ಎಷ್ಟನೆಯ ಚಿತ್ರದಲ್ಲಿ ಈ ಪಾಠವಿದೆ, ಮಾನ್ಯರೇ?

ಗೆದ್ದ ಕಥೆಯನ್ನಷ್ಟೇ ಹೇಳಿದರೆ ನಾನೂ ನಿಮ್ಮ ಪರದೆಯ ಮೇಲಿನ ಉಪನ್ಯಾಸಕರಂತೆ ಆದೇನು. ಅದೇ ದಿನ ಬಸ್ ಚಾಲಕರೊಬ್ಬರು ನನ್ನ ಕೈಯಲ್ಲೇ ತೀರಿಕೊಂಡರು. ಅಳುತ್ತಲೇ ಮಂಚ ಒರೆಸಿದೆ, ಹಾಸು ಬದಲಿಸಿದೆ, ಮುಂದಿನವರನ್ನು ತರಿಸಿಕೊಂಡೆ. ಸೋತ ದಿನ ನೆಟ್ ಬಿಚ್ಚಿ ಸುತ್ತಿಡುವ ಕೆಲಸ ಸೋತವರದೇ ಎಂಬುದು ಮೇಷ್ಟ್ರ ಕಟ್ಟಪ್ಪಣೆಯಾಗಿತ್ತು. ಮೂಗು ಒರೆಸಿಕೊಳ್ಳುತ್ತಲೇ ಸುತ್ತುತ್ತಿದ್ದೆವು, ಆದರೆ ಗಂಟು ಬೀಳದಂತೆ. ಎರಡು ದಿನ ಕುರ್ಚಿಯಲ್ಲಿ ಕೂತವರಿಗೆ ನೀವು ಹಂಚಲಿರುವ ಪ್ರಮಾಣಪತ್ರ ಇದನ್ನು ಕಲಿಸುತ್ತದೆಯೇ? ನೀವು ಎಂದಾದರೂ ಸೋತು, ಮಾರನೆಯ ಬೆಳಗ್ಗೆ ಅದೇ ಜಾಗಕ್ಕೆ ಹೋಗಿ ನಿಂತದ್ದುಂಟೇ? ಸೋಲಿಗೆ ಸಮಿತಿ ರಚಿಸಿ ಕೈತೊಳೆದುಕೊಳ್ಳುವವರಿಗೆ ಇದು ಅರ್ಥವಾಗದಿದ್ದರೆ ಆಶ್ಚರ್ಯವಿಲ್ಲ.

ಭವನವನ್ನು ಬೇರೆಲ್ಲಾದರೂ ಕಟ್ಟಿಕೊಳ್ಳಿ. ರಜೆ ಮುಗಿದು ಕಾಲೇಜು ತೆರೆಯುವ ಮೊದಲು ಕಂಬಗಳನ್ನು ಮತ್ತೆ ನೆಡಿಸಿ, ಆರು ವರ್ಷದಿಂದ ಖಾಲಿಯಿರುವ ಆಟದ ಮೇಷ್ಟ್ರ ಹುದ್ದೆಯನ್ನು ತುಂಬಿಸಿ. ಅದಾಗದಿದ್ದರೆ ಭವನದ ಬಗ್ಗೆ ನೀವು ಗೋಡೆಗೆ ಅಂಟಿಸಿರುವ ಸುತ್ತೋಲೆಯ ಒಂದು ಸಾಲನ್ನಾದರೂ ತಿದ್ದಿ: ‘ವಿದ್ಯಾರ್ಥಿಗಳ ಭವಿಷ್ಯದ ಹಿತದೃಷ್ಟಿಯಿಂದ’ ಎಂಬುದನ್ನು ಹೊಡೆದುಹಾಕಿ, ‘ಪ್ರಾಂಶುಪಾಲರ ಹೆಸರಿನ ಶಿಲಾಫಲಕದ ಹಿತದೃಷ್ಟಿಯಿಂದ’ ಎಂದು ಬರೆಯಿರಿ. ಕಾಲೇಜಿನ ಗೋಡೆಯ ಮೇಲೆ ಒಂದಾದರೂ ನಿಜ ಇರಲಿ.

ಇಂತಿ,
ನಿಮ್ಮ ಸಾಧಕರ ಪಟ್ಟಿಯಲ್ಲಿಲ್ಲದ, ಇನ್ನು ಸೇರುವ ಆಸೆಯೂ ಉಳಿಯದ
ಒಬ್ಬ ಹಳೆಯ ವಿದ್ಯಾರ್ಥಿನಿ
ತುರ್ತು ಚಿಕಿತ್ಸಾ ವಿಭಾಗ, ಬೆಳಗಿನ ಪಾಳಿ